ಕೊಂಡ ಕೃತಿ, ಕೊಳ್ಳಲಾಗದ ಮನುಷ್ಯ

ವಸ್ತುಸಂಗ್ರಹಾಲಯವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಗತಕಾಲ. ಶಾಸನ, ಭಗ್ನಶಿಲ್ಪ, ತಾಳೆಗರಿ, ನಾಣ್ಯ ಇವೆಲ್ಲವನ್ನೂ ಮಾಡಿದವರು ಎಂದೋ ಕಾಲವಾದವರು. ಅವರ ಸಮ್ಮತಿಯನ್ನು ಕೇಳುವ ಅವಕಾಶ ಯಾರಿಗೂ ಇಲ್ಲ. ಆದುದರಿಂದ ವಸ್ತುವನ್ನು ಜೋಪಾನವಾಗಿ ಕಾಪಾಡಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ಅಂತಹ ಸಂಸ್ಥೆಗಳಲ್ಲಿ ಬೇರೂರುವುದು ಸಹಜ. ಆದರೆ ಕೃತಿಯ ಕರ್ತೃ ಜೀವಂತನಾಗಿ ಎದುರಿಗೇ ನಿಂತಿರುವಾಗ ಈ ಭಾವನೆ ಸಾಲದು. ಬೆಲೆ ತೆತ್ತ ಮಾತ್ರಕ್ಕೆ ಕಲಾವಿದನ ಋಣ ತೀರುವುದೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಮಧ್ಯಪ್ರದೇಶದ ಪಾಟನಗಢ ಗ್ರಾಮದ ಜಂಗಢ್ ಸಿಂಗ್ ಶ್ಯಾಮ್ ಪರಧಾನ್ ಗೊಂಡ ಸಮುದಾಯದವರು. 1982ರಲ್ಲಿ ಭೋಪಾಲದಲ್ಲಿ ಆರಂಭವಾದ ಭಾರತ ಭವನದ ಕಲಾಸಂಗ್ರಹಾಲಯವನ್ನು ಕಟ್ಟಿದ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ಈ ತರುಣನ ಪ್ರತಿಭೆಯನ್ನು ಗುರುತಿಸಿದರು. ಅದುವರೆಗೆ ಬುಡಕಟ್ಟಿನ ಕಲೆಯೆಂದರೆ ಜನಾಂಗದ ಹೆಸರು, ಜಿಲ್ಲೆಯ ಹೆಸರು ಬರೆದ ಚೀಟಿ. ಮಾಡಿದವನ ಹೆಸರಿಗೆ ಅಲ್ಲಿ ಸ್ಥಳವಿರುತ್ತಿದ್ದುದು ಅಪರೂಪ. ಸ್ವಾಮಿನಾಥನ್ ಅವರು ನಗರದ ಆಧುನಿಕ ಕಲಾವಿದರ ಸಾಲಿನಲ್ಲಿಯೇ ಹಳ್ಳಿಯ ಕಲಾವಿದರನ್ನೂ ನಿಲ್ಲಿಸಿದರು. 1989ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನವೊಂದರಲ್ಲಿ ಜಂಗಢರ ಕೃತಿಗಳು ಕಾಣಿಸಿಕೊಂಡವು. ಸಂಸ್ಥೆಯೊಂದು ಕಲಾವಿದನಿಗೆ ಎಷ್ಟು ಉಪಕಾರ ಮಾಡಬಲ್ಲುದೆಂಬುದಕ್ಕೆ ಇದು ನಿದರ್ಶನ.

ಅದೇ ಜಂಗಢರು 2001ರಲ್ಲಿ ಜಪಾನಿನ ನಿಗಾಟ ಪ್ರಾಂತ್ಯದ ಮಿಥಿಲಾ ವಸ್ತುಸಂಗ್ರಹಾಲಯದ ಆಹ್ವಾನದ ಮೇಲೆ ಅಲ್ಲಿದ್ದುಕೊಂಡು ಚಿತ್ರ ಬರೆಯುತ್ತಿದ್ದಾಗ ತಮ್ಮ ಜೀವನವನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರಿಗೆ ಸುಮಾರು ನಲವತ್ತು ವರ್ಷ. ಊರಿಗೆ ಮರಳುವ ಹಂಬಲವನ್ನು ಮನೆಗೆ ಬರೆದ ಪತ್ರದಲ್ಲಿ ಅವರು ತೋಡಿಕೊಂಡಿದ್ದರೆಂದು ವರದಿಯಾಯಿತು. ಇಂತಹ ಸಾವಿಗೆ ಒಂದೇ ಕಾರಣವನ್ನು ಹೊರಿಸುವುದು ನ್ಯಾಯವಲ್ಲ. ಯಾರನ್ನೂ ಅಪರಾಧಿಯೆಂದು ಸಾರುವುದು ಇಲ್ಲಿನ ಉದ್ದೇಶವೂ ಅಲ್ಲ. ಆದರೆ ಅಂದು ಭಾರತದ ಕಲಾವಿದರು ಎತ್ತಿದ ಪ್ರಶ್ನೆಗಳು ಇಂದಿಗೂ ಉಳಿದಿವೆ. ದುಡಿಮೆಯ ಕರಾರು ಏನಿತ್ತು? ಪ್ರತಿಫಲವೆಷ್ಟು? ಮನೆಗೆ ಹೋಗಬೇಕೆನಿಸಿದಾಗ ಹೋಗುವ ಸ್ವಾತಂತ್ರ್ಯ ಯಾರ ಕೈಯಲ್ಲಿತ್ತು?

ಕಲಾವಿದನಿಗೆ ಹೆಸರನ್ನೂ ಹಣವನ್ನೂ ತಂದುಕೊಟ್ಟವರು ನಾವಲ್ಲವೇ ಎಂದು ಆಶ್ರಯದಾತರು ಕೇಳಬಹುದು. ಮಾತಿನಲ್ಲಿ ಸತ್ಯವಿದೆ. ಆದರೆ ಉಪಕಾರವು ಕರಾರಿನ ಸ್ಥಾನವನ್ನು ಹಿಡಿಯಲಾರದು. ಉಪಕಾರಿಯ ಮುಂದೆ 'ಒಲ್ಲೆ' ಎನ್ನುವುದು ಅಪರಿಚಿತನ ಮುಂದೆ ಎನ್ನುವುದಕ್ಕಿಂತ ಕಠಿಣ. ಪರಭಾಷೆಯ ನಾಡಿನಲ್ಲಿ, ಬಂಧುಗಳಿಲ್ಲದ ಕಡೆ, ಆತಿಥೇಯನ ಮನೆಯಲ್ಲಿಯೇ ಇರುವವನಿಗಂತೂ ಅದು ಇನ್ನೂ ಕಠಿಣ. ಆದುದರಿಂದ ಯಾರು ಬಲಶಾಲಿಗಳೋ ಅವರೇ ಎದುರಿನವನ 'ಒಲ್ಲೆ'ಗೆ ಮೊದಲೇ ದಾರಿ ತೆರೆದಿಡಬೇಕು. ಲಿಖಿತ ಕರಾರು ಅವಿಶ್ವಾಸದ ಗುರುತಲ್ಲ, ದುರ್ಬಲನಿಗೆ ಒದಗುವ ಆಸರೆ.

ಮನುಷ್ಯನ ಮಾತು ಹೀಗಾದರೆ, ಮಾರಿದ ಕೃತಿಯ ಮೇಲೆ ಕರ್ತೃವಿಗೆ ಏನಾದರೂ ಉಳಿಯುವುದೇ? ಇಲ್ಲಿ ವಸ್ತುಸಂಗ್ರಹಾಲಯದ ಹೊರಗಿನ ಪ್ರಕರಣವೊಂದು ದಾರಿ ತೋರುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ಅವರು ಸರ್ಕಾರದ ಕೋರಿಕೆಯಂತೆ ದೆಹಲಿಯ ವಿಜ್ಞಾನ ಭವನಕ್ಕೆ ವಿಶಾಲವಾದ ಕಂಚಿನ ಭಿತ್ತಿಶಿಲ್ಪವನ್ನು ರಚಿಸಿದ್ದರು. 1979ರಲ್ಲಿ ಅದನ್ನು ಅವರಿಗೆ ತಿಳಿಸದೆ ಕಿತ್ತು ಉಗ್ರಾಣಕ್ಕೆ ಸಾಗಿಸಲಾಯಿತು, ಭಾಗಗಳು ಹಾಳಾದವು. ಅವರು 1992ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ವಿಧಿಯಂತೆ, ಹಕ್ಕನ್ನು ಪರಭಾರೆ ಮಾಡಿದ ಮೇಲೆಯೂ ಕರ್ತೃತ್ವದ ಗೌರವ ಕರ್ತೃವಿನಲ್ಲಿಯೇ ಉಳಿಯುತ್ತದೆ. ಆದರೆ ಈ ಸರಳ ಸತ್ಯವನ್ನು ಸ್ಥಾಪಿಸಲು ವೃದ್ಧ ಕಲಾವಿದರೊಬ್ಬರು 13 ವರ್ಷ ಕಾಯಬೇಕಾಯಿತು.

ಇದು ದೂರದವರ ವಿಷಯವೆಂದು ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಭಾವಿಸಲಾಗದು. ಬಿಂಬಗಳನ್ನು ಕಡೆಸುವವರು, ಭಿತ್ತಿಚಿತ್ರ ಬರೆಸುವವರು, ಪುಟ್ಟ ಸಂಗ್ರಹಾಲಯಗಳನ್ನು ನಡೆಸುವವರು ನಮ್ಮಲ್ಲಿಯೂ ಇದ್ದಾರೆ. ಧರ್ಮಸ್ಥಳದ ಬಾಹುಬಲಿಯ ಎತ್ತರ 39 ಅಡಿಯೆಂದು ಬಲ್ಲವರು ಅನೇಕರು. ಅದನ್ನು ಕಡೆದವರು ರೆಂಜಾಳ ಗೋಪಾಲ ಶೆಣೈ ಎಂದು ಬಲ್ಲವರು ಎಷ್ಟು ಮಂದಿ? ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ನಾವು, ಕೊರೆದ ಕೈಯ ಹೆಸರನ್ನು ಮರೆಯುವುದುಂಟು.

ಕೆಲಸ ಆರಂಭಿಸುವ ಮೊದಲೇ ಪ್ರತಿಫಲ, ಅವಧಿ, ಕರ್ತೃವಿನ ಹೆಸರು, ಕೃತಿಯ ಛಾಯಾಚಿತ್ರಗಳ ಬಳಕೆ, ಕೃತಿಯನ್ನು ಸ್ಥಳಾಂತರಿಸಬೇಕಾದಾಗ ಕರ್ತೃವಿಗೆ ತಿಳಿಸುವ ಕ್ರಮ ಇವುಗಳನ್ನು ಕಲಾವಿದನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು. ಕಲಾವಿದನೂ ಒಪ್ಪಿದ ಕಾಲಕ್ಕೆ, ಒಪ್ಪಿದ ಗುಣಕ್ಕೆ ಬದ್ಧನಾಗಿರಬೇಕು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಕೃತಿಗೆ ಬೆಲೆ ಕಟ್ಟಬಹುದು. ಆದರೆ ಮಾಡಿದವನು ನಮ್ಮ ಸಂಗ್ರಹದ ವಸ್ತುವಲ್ಲವೆಂಬ ಅರಿವು ಬೆಲೆ ಕಟ್ಟುವ ಮೊದಲೇ ನಮ್ಮಲ್ಲಿರಬೇಕು.