ಮೂರು ಮೊಟ್ಟೆಗಳ ರಸೀದಿ

'ಇದರಿಂದ ಏನು ಉಪಯೋಗ?' ಎಂಬ ಪ್ರಶ್ನೆಯಷ್ಟು ಸುಲಭವಾದ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರಿಗೆ ಖರ್ಚಿಲ್ಲ. ಉತ್ತರ ಹೇಳಬೇಕಾದವರ ಬಾಯಿ ಮಾತ್ರ ಕಟ್ಟಿಹೋಗುತ್ತದೆ. ಹುಡುಗಿ ಸಂಗೀತ ಕಲಿಯುತ್ತೇನೆಂದರೆ, ಐವತ್ತು ದಾಟಿದ ಹೆಂಗಸು ಎಂ.ಎ. ಪರೀಕ್ಷೆಗೆ ಕಟ್ಟುತ್ತೇನೆಂದರೆ, ಸೊಸೆ ಮಧ್ಯಾಹ್ನ ಒಂದು ಗಂಟೆ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಾಳೆಂದರೆ ಮೊದಲು ಬರುವುದು ಇದೇ ಪ್ರಶ್ನೆ. ಹೆಂಗಸರಾದ ನಾವು ಇದನ್ನು ಕೇಳಿಸಿಕೊಂಡೇ ಬೆಳೆದವರು. ಕೇಳಿಸಿಕೊಂಡು ಕೇಳಿಸಿಕೊಂಡು, ನಮ್ಮ ಮಕ್ಕಳಿಗೆ ನಾವೇ ಕೇಳುವಷ್ಟು ಅದು ನಮ್ಮ ನಾಲಿಗೆಗೂ ಹತ್ತಿಬಿಟ್ಟಿದೆ.

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಪುಸ್ತಕಗಳ ಬೆನ್ನೇರಿ ಬಹಳ ದೂರ ಹೋಗಿಬಂದಿದ್ದೇನೆ, ಭೂಮಿಯ ದಕ್ಷಿಣದ ತುದಿಯವರೆಗೆ. ಅಂಟಾರ್ಕ್ಟಿಕಾ ಎಂಬ ಆ ಹಿಮಖಂಡದಲ್ಲಿ ಊರಿಲ್ಲ, ಒಕ್ಕಲಿಲ್ಲ, ಬೆಳೆಯಿಲ್ಲ. ಸಂಶೋಧನೆಗೆಂದು ಅಲ್ಲಿಗೆ ಹೋದವರು ಹೊತ್ತು ತರುವುದು ತಿಳುವಳಿಕೆಯೊಂದನ್ನೇ. ಅದಕ್ಕೆ ತೆರಬೇಕಾದ ಬೆಲೆಯೋ ವಿಪರೀತ. ಹಾಗಾಗಿ 'ಏನು ಉಪಯೋಗ' ಎಂಬ ಪ್ರಶ್ನೆ ಅಲ್ಲಿಯಷ್ಟು ಬೆತ್ತಲೆಯಾಗಿ ಇನ್ನೆಲ್ಲೂ ನಿಲ್ಲುವುದಿಲ್ಲ.

1911ರ ಜೂನ್ ಕೊನೆಯಲ್ಲಿ ಕ್ಯಾಪ್ಟನ್ ಸ್ಕಾಟನ ತಂಡದ ಮೂವರು ಬ್ರಿಟಿಷರು ತಮ್ಮ ಬಿಡಾರದಿಂದ ಹೊರಟರು. ವಿಲ್ಸನ್, ಬವರ್ಸ್ ಮತ್ತು ಇಪ್ಪತ್ತೈದು ವರ್ಷದ ಚೆರಿ-ಗ್ಯಾರಾರ್ಡ್. ಅದು ಅಲ್ಲಿಯ ನಟ್ಟ ಚಳಿಗಾಲ, ಹಗಲೆಂಬುದೇ ಇಲ್ಲದ ಕತ್ತಲು. ಅವರಿಗೆ ಬೇಕಾಗಿದ್ದದ್ದು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆ. ಈ ಹಕ್ಕಿ ಮೊಟ್ಟೆಯಿಡುವುದೇ ಆ ಕಾಲದಲ್ಲಿ. ಇಟ್ಟ ಮೇಲೆ ಹೆಣ್ಣು ಸಮುದ್ರಕ್ಕೆ ಹೋಗುತ್ತದೆ. ಗಂಡು ಪಾದದ ಮೇಲೆ ಮೊಟ್ಟೆ ಇಟ್ಟುಕೊಂಡು, ಹೊಟ್ಟೆಯ ಮಡಿಕೆಯಿಂದ ಮುಚ್ಚಿಕೊಂಡು, ಎರಡು ತಿಂಗಳು ಏನೂ ತಿನ್ನದೆ ನಿಂತೇ ಕಾವು ಕೊಡುತ್ತದೆ. ನಮ್ಮ ಹಾಡು ಹಸೆಗಳಲ್ಲಿ ಇಂಥ ಅಪ್ಪನ ವರ್ಣನೆ ನಾನು ಕೇಳಿಲ್ಲ!

ಮರಿಯು ಮೊಟ್ಟೆಯೊಳಗೆ ಬೆಳೆಯುವಾಗ ತನ್ನ ಪೂರ್ವಜರ ರೂಪಗಳನ್ನೆಲ್ಲ ಒಂದೊಂದಾಗಿ ದಾಟಿ ಬರುತ್ತದೆ ಎಂದು ಆಗ ಅನೇಕ ವಿಜ್ಞಾನಿಗಳು ನಂಬಿದ್ದರು. ಈ ಪೆಂಗ್ವಿನ್ ಬಹಳ ಪುರಾತನವಾದ ಹಕ್ಕಿ ಎಂದೂ ನಂಬಿಕೆಯಿತ್ತು. ಅದರ ಭ್ರೂಣವನ್ನು ನೋಡಿದರೆ ಹಾವು ಹಲ್ಲಿಗಳ ವಂಶದಿಂದ ಹಕ್ಕಿ ಹೇಗೆ ಬಂತೆಂಬ ಗುಟ್ಟು ತಿಳಿಯಬಹುದೆಂಬ ಆಸೆ. ಅದಕ್ಕಾಗಿ ಅವರು ಜಾರುಬಂಡಿಗಳನ್ನು ತಾವೇ ಎಳೆದುಕೊಂಡು ಸುಮಾರು ನೂರು ಕಿಲೋಮೀಟರು ನಡೆದರು. ಒಮ್ಮೆ ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ತೊಟ್ಟ ಬಟ್ಟೆ ಹೆಪ್ಪುಗಟ್ಟಿ ಹಲಗೆಯಾಯಿತು. ಹಲ್ಲು ಕಟಕಟಿಸಿ ಚೆರಿಯ ಹಲ್ಲುಗಳೇ ಬಿರುಕು ಬಿಟ್ಟವು. ಬಿರುಗಾಳಿಗೆ ಡೇರೆ ಹಾರಿಹೋಗಿ, ಸತ್ತೇ ಹೋದೆವೆಂದುಕೊಂಡವರಿಗೆ ಅದು ಇಳಿಜಾರಿನಲ್ಲಿ ಮತ್ತೆ ಸಿಕ್ಕಿತು. ಐದು ಮೊಟ್ಟೆ ಎತ್ತಿಕೊಂಡರು, ದಾರಿಯಲ್ಲಿ ಎರಡು ಒಡೆದವು. ಆಗಸ್ಟ್ 1ರಂದು ಮೂವರೂ ಜೀವಂತ ಹಿಂದಿರುಗಿದರು, ಮೂರು ಮೊಟ್ಟೆಗಳೊಂದಿಗೆ.

ಆಮೇಲೆ ವಿಲ್ಸನ್ನನೂ ಬವರ್ಸನೂ ಸ್ಕಾಟನ ಜೊತೆ ದಕ್ಷಿಣ ಧ್ರುವಕ್ಕೆ ಹೋದರು. ಮರಳಿ ಬರಲಿಲ್ಲ. ಉಳಿದ ಚೆರಿ-ಗ್ಯಾರಾರ್ಡ್ 1913ರಲ್ಲಿ ಆ ಮೊಟ್ಟೆಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಒಯ್ದ. ಅಲ್ಲಿ ಬಾ ಎಂದು ಕರೆದವರಿಲ್ಲ, ಕೂರು ಎಂದವರಿಲ್ಲ. ಮೊಟ್ಟೆ ತಲುಪಿದ್ದಕ್ಕೆ ಒಂದು ರಸೀದಿ ಕೊಡಿ ಎಂದು ಕೇಳಿ ಹೊರಗೆ ಕಾದು ಕೂತದ್ದನ್ನು 1922ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನೇ ಬರೆದಿದ್ದಾನೆ. ಆ ಭ್ರೂಣಗಳ ಬಗ್ಗೆ ಕೊನೆಯ ವರದಿ ಪ್ರಕಟವಾದದ್ದು 1934ರಲ್ಲಿ. ಅವುಗಳಿಂದ ಹೊಸದಾಗಿ ಹೆಚ್ಚೇನೂ ತಿಳಿಯಲಿಲ್ಲ ಎಂಬುದೇ ಅದರ ಸಾರ. ಅಷ್ಟರಲ್ಲಿ ಆ ಹಳೆಯ ಸಿದ್ಧಾಂತವೂ ಮೂಲೆಗೆ ಸೇರಿತ್ತು.

ನಮ್ಮೂರ ಮಹಿಳಾ ಸಮಾಜದ ತಿಂಗಳ ಕೂಟದಲ್ಲಿ ಒಮ್ಮೆ ನಾನು ಈ ಕಥೆ ಹೇಳಿದೆ. 'ಮೂರು ಮೊಟ್ಟೆಗೆ ಇಷ್ಟು ದೊಡ್ಡ ರಾಮಾಯಣವೇನ್ರೀ!' ಎಂದು ಒಬ್ಬರು ನಕ್ಕರು. 'ಹೋಗಲಿ, ಉಪಯೋಗವಾದರೂ ಆಯ್ತಾ? ಅದೂ ಇಲ್ಲ' ಎಂದರು ಇನ್ನೊಬ್ಬರು. ನಮ್ಮಲ್ಲೆಲ್ಲ ಹಿರಿಯರಾದ ಒಬ್ಬರು ಮಾತ್ರ ನಗಲಿಲ್ಲ. 'ಅದೆಲ್ಲ ಇರಲಿ ಕಣಮ್ಮ, ಅವರ ಮನೆಯವರು ಏನಾದರು?' ಎಂದು ಕೇಳಿದರು.

ಅಂದಿನಿಂದ ಈ ಎರಡು ಪ್ರಶ್ನೆಗಳೂ ನನ್ನ ತಲೆಯಲ್ಲಿ ಅಕ್ಕತಂಗಿಯರ ಹಾಗೆ ಜೊತೆಜೊತೆಯಾಗಿ ಓಡಾಡುತ್ತಿವೆ. ಉಪಯೋಗವೇನು ಎಂಬುದು ಒಂದು. ಬೆಲೆ ತೆತ್ತವರು ಯಾರು ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಸ್ಕಾಟನ ತಂಡ 1912ರ ಜನವರಿ 17ರಂದು ಧ್ರುವ ತಲುಪಿದಾಗ, ನಾರ್ವೆಯ ಅಮುಂಡ್ಸೆನ್ ಒಂದು ತಿಂಗಳ ಮೊದಲೇ ಬಂದು ಹೋಗಿದ್ದ. ಸೋತು, ಹಸಿದು ಮರಳುವ ದಾರಿಯಲ್ಲಿ ಫೆಬ್ರವರಿ ತಿಂಗಳಲ್ಲಿ ಅವರು ಒಂದು ಬೆಟ್ಟದ ಬುಡದಲ್ಲಿ ನಿಂತು ಕಲ್ಲುಗಳನ್ನು ಆರಿಸಿಕೊಂಡರು. ಸುಮಾರು 16 ಕಿಲೋ ಕಲ್ಲು! ಒಂದೊಂದು ಹೆಜ್ಜೆಯೂ ಭಾರವಾದ ಹೊತ್ತಿನಲ್ಲಿ, ಕೊನೆಯವರೆಗೂ ಅದನ್ನು ಎಸೆಯಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಹೆಣಗಳ ಜೊತೆಗೇ ಆ ಕಲ್ಲುಗಳೂ ಸಿಕ್ಕವು.

ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ, ಎಂದೋ ಅಳಿದುಹೋದ ಮರದ ಎಲೆಯ ಅಚ್ಚು ಇತ್ತು. ಇದೇ ಎಲೆಯ ಅಚ್ಚು ನಮ್ಮ ಭಾರತದ ಕಲ್ಲಿದ್ದಲಿನ ಪದರಗಳಲ್ಲಿಯೂ ಇದೆ. ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಗಳಲ್ಲಿಯೂ ಇದೆ. ಸಾವಿರಾರು ಮೈಲಿ ಸಮುದ್ರವನ್ನು ಮರ ಈಜಿ ದಾಟಲಾರದು. ಈ ನೆಲಗಳೆಲ್ಲ ಒಂದು ಕಾಲಕ್ಕೆ ಒಂದೇ ಮನೆಯಂತೆ ಕೂಡಿದ್ದವು, ಆಮೇಲೆ ಪಾಲಾಗಿ ದೂರ ಸರಿದವು ಎಂಬುದಕ್ಕೆ ಆ ಎಲೆಗಳು ಸಾಕ್ಷಿಯಾದವು. ಆ ಕೂಡು ನೆಲದ ಹೆಸರು ಗೊಂಡ್ವಾನ. ಮಧ್ಯ ಭಾರತದ ಗೊಂಡರ ನಾಡಿನಿಂದ ಬಂದ ಹೆಸರು ಅದು. ಖಂಡಗಳು ಸರಿಯುತ್ತವೆ ಎಂದು ವಾದಿಸಿದ ಜರ್ಮನಿಯ ವೆಗೆನರ್ ಕೂಡ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ಸತ್ತ. ಅವನ ಮಾತನ್ನು ವಿದ್ವಾಂಸರು ಒಪ್ಪಿದ್ದು 1960ರ ದಶಕದಲ್ಲಿ. ಕಲ್ಲು ಹೊತ್ತವರೂ ಇಲ್ಲ, ವಾದ ಹೂಡಿದವನೂ ಇಲ್ಲ. ಉಪಯೋಗ ಬಂದು ಬಾಗಿಲು ತಟ್ಟಿದಾಗ ತೆರೆಯಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೂರನೆಯ ಕಥೆ ನಮಗೆಲ್ಲ ಹತ್ತಿರದ್ದು. 1956ರಲ್ಲಿ ಬ್ರಿಟಿಷರು ಅಂಟಾರ್ಕ್ಟಿಕಾದ ಹ್ಯಾಲಿ ಎಂಬಲ್ಲಿ ಒಂದು ಸಂಶೋಧನಾ ಕೇಂದ್ರ ತೆರೆದರು. ನೆತ್ತಿಯ ಮೇಲೆ ಓಜೋನ್ ಎಷ್ಟಿದೆ ಎಂದು ಉಪಕರಣದಲ್ಲಿ ನೋಡುವುದು, ಬರೆದಿಡುವುದು. ಇದು ಅಲ್ಲಿ ವರ್ಷ ವರ್ಷವೂ ನಡೆದ ಕೆಲಸ. ನಾವು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಜಾತಿಯದು. ಯಾರೂ ಚಪ್ಪಾಳೆ ತಟ್ಟುವಂಥದ್ದಲ್ಲ. ಆದರೆ ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅಂಕಿಗಳು ಕುಸಿಯತೊಡಗಿದವು. 1985ರಲ್ಲಿ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ಅದನ್ನು ಪ್ರಕಟಿಸಿದರು. ಅಲ್ಲಿಯ ವಸಂತದಲ್ಲಿ ಓಜೋನ್ ಮೂರನೇ ಒಂದು ಪಾಲಿನಷ್ಟು ಕಡಿಮೆಯಾಗಿತ್ತು. ಮರುವರ್ಷವೇ ಮೂವತ್ತು ವರ್ಷದ ಸೂಸನ್ ಸಾಲೊಮನ್ ಎಂಬ ಅಮೆರಿಕದ ವಿಜ್ಞಾನಿ ಅಂಟಾರ್ಕ್ಟಿಕಾಕ್ಕೆ ತಂಡವೊಂದನ್ನು ಕರೆದೊಯ್ದರು. ಫ್ರಿಜ್ಜುಗಳಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಅನಿಲಗಳಿಂದ ಬಿಡುಗಡೆಯಾದ ಕ್ಲೋರಿನ್ ಇದಕ್ಕೆ ಕಾರಣವೆಂಬುದಕ್ಕೆ ಅವರ ಅಳತೆಗಳಿಂದ ಗಟ್ಟಿ ಆಧಾರ ಸಿಕ್ಕಿತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು. ಇಂದು ಆ ಅನಿಲಗಳ ಬಳಕೆ ಬಹುಮಟ್ಟಿಗೆ ನಿಂತಿದೆ. ಅಂಟಾರ್ಕ್ಟಿಕಾದ ಮೇಲಿನ ಓಜೋನ್ 2066ರ ಸುಮಾರಿಗೆ ಮೊದಲಿನಂತಾದೀತು ಎಂಬ ಅಂದಾಜಿದೆ. ಬಿಸಿಲಿಗೆ ಸಂಡಿಗೆ ಹರವುವ ನಮ್ಮ ಬೆನ್ನಿಗೂ ಆ ನೀರಸವಾದ ಲೆಕ್ಕದ ಪುಸ್ತಕದ ಋಣವಿದೆ.

'ನೋಡಿ, ಉಪಯೋಗವಿಲ್ಲ ಅಂದುಕೊಂಡದ್ದೂ ಒಂದು ದಿನ ಉಪಯೋಗಕ್ಕೆ ಬಂತು' ಎಂದು ಇಲ್ಲಿಗೆ ಮಂಗಳ ಹಾಡಿಬಿಡಬಹುದು. ಆದರೆ ಹಾಗೆ ಮಾಡಿದರೆ ಆ ಮೂರು ಮೊಟ್ಟೆಗಳಿಗೆ ಮೋಸವಾಗುತ್ತದೆ. ಓಜೋನ್ ಲೆಕ್ಕ ಜಗತ್ತನ್ನು ಕಾಯಿತು, ಕಲ್ಲು ಜ್ಞಾನವನ್ನು ಬೆಳೆಸಿತು, ಮೊಟ್ಟೆ ಏನನ್ನೂ ಮಾಡಲಿಲ್ಲ. ಆದರೂ ಮೂರು ಕೆಲಸಗಳ ಹಿಂದಿನ ನಿಷ್ಠೆ ಒಂದೇ. ಮಾಡುವಾಗ ಯಾರಿಗೂ ಯಾವುದು ಫಲಿಸುತ್ತದೆಂದು ಗೊತ್ತಿರಲಿಲ್ಲ. ಫಲ ಬಂದದ್ದಕ್ಕೆ ಒಬ್ಬನನ್ನು ಜಾಣನೆಂದು, ಬಾರದ್ದಕ್ಕೆ ಇನ್ನೊಬ್ಬನನ್ನು ಹುಚ್ಚನೆಂದು ಕರೆಯುವುದು ಯಾವ ನ್ಯಾಯ? ಕೆಲಸದ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದನ್ನು ಎಷ್ಟು ಪ್ರಾಮಾಣಿಕವಾಗಿ ಮಾಡಿದರು ಎಂಬುದರಿಂದ.

ನನ್ನ ತಂಗಿಯ ಮಗಳು ಭೂವಿಜ್ಞಾನದಲ್ಲಿ ಸಂಶೋಧನೆಗೆ ಸೇರುತ್ತೇನೆಂದಾಗ ಮನೆಯಲ್ಲಿ 'ಕಲ್ಲು ಓದಿ ಏನು ಮಾಡ್ತಾಳಂತೆ?' ಎಂಬ ಮಾತೆದ್ದಿತು. ಅವಳು ನನ್ನೊಡನೆ ಹೇಳಿದ್ದಿಷ್ಟೆ: 'ದೊಡ್ಡಮ್ಮ, ಏನು ಉಪಯೋಗ ಅಂತ ನಂಗೂ ಗೊತ್ತಿಲ್ಲ. ಇದ್ದದ್ದನ್ನ ಇದ್ದ ಹಾಗೇ ನೋಡಿ ಬರೀಬೇಕು, ಅಷ್ಟು ಗೊತ್ತು.' ದೊಡ್ಡವರು ಯಾರೂ ಇದಕ್ಕಿಂತ ಒಳ್ಳೆಯ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ.

ಇನ್ನು ನಮ್ಮ ಹಿರಿಯರ ಪ್ರಶ್ನೆ. ಫಲದ ಆಸೆಯಿಲ್ಲದೆ ಕೆಲಸ ಮಾಡು ಎಂಬುದು ನಮಗೆ ಹೊಸ ಉಪದೇಶವಲ್ಲ. ಸಾಲದ್ದಕ್ಕೆ ಹೆಣ್ಣುಮಕ್ಕಳಿಗೆ ಇದನ್ನು ಅಗತ್ಯಕ್ಕಿಂತ ಹೆಚ್ಚಾಗಿಯೇ ಬೋಧಿಸಲಾಗಿದೆ. ಆದರೆ ತಾನಾಗಿ ಬಿಟ್ಟುಕೊಟ್ಟ ಫಲ ಬೇರೆ, ಕೇಳದೆ ಕಸಿದುಕೊಂಡದ್ದು ಬೇರೆ. ವಿಲ್ಸನ್, ಬವರ್ಸ್ ತಾವಾಗಿ ಹೊರಟವರು. ವಿಲ್ಸನ್ನನ ಹೆಂಡತಿ, ಬವರ್ಸನ ವಿಧವೆ ತಾಯಿ ತಾವಾಗಿ ಹೊರಟವರೇ? ಗಂಡನನ್ನು ಎದುರುಗೊಳ್ಳಲು ಹಡಗು ಹತ್ತಿದ್ದ ಸ್ಕಾಟನ ಹೆಂಡತಿ ಕ್ಯಾತ್ಲೀನ್‌ಗೆ ಅವನು ಸತ್ತ ಸುದ್ದಿ ತಿಳಿದದ್ದು 1913ರ ಫೆಬ್ರವರಿಯಲ್ಲಿ, ನಡುಗಡಲಿನಲ್ಲಿ. ಆಗಲೇ ಅವನು ಸತ್ತು ಹನ್ನೊಂದು ತಿಂಗಳಾಗುತ್ತ ಬಂದಿತ್ತು. ಅದೇ ತಂಡದ ನಾವಿಕ ಎಡ್ಗರ್ ಇವಾನ್ಸ್ ಎಲ್ಲರಿಗಿಂತ ಮೊದಲು ಸತ್ತ. ಅವನಿಂದಲೇ ಉಳಿದವರಿಗೆ ತಡವಾಯಿತೆಂಬ ಮಾತು ಪತ್ರಿಕೆಗಳಲ್ಲಿ ಬಂತು. ವೇಲ್ಸಿನಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡಿದ್ದ ಅವನ ಹೆಂಡತಿ ಲೋಯಿಸ್ ದುಃಖದ ಮೇಲೆ ಈ ಅಪವಾದವನ್ನೂ ಹೊರಬೇಕಾಯಿತು. ತಮ್ಮನ್ನು ನಂಬಿದವರನ್ನು ನೋಡಿಕೊಳ್ಳಿ ಎಂದು ಸ್ಕಾಟ್ ಸಾಯುವ ಮುನ್ನ ದೇಶಕ್ಕೆ ಬರೆದಿಟ್ಟಿದ್ದ. ಜನ ಹಣ ಕೂಡಿಸಿಯೂ ಕೊಟ್ಟರು. ಆದರೆ ಹಂಚುವಾಗ ಅಧಿಕಾರಿಯ ಹೆಂಡತಿಗೆ ಹೆಚ್ಚು, ನಾವಿಕನ ಹೆಂಡತಿಗೆ ಬಹಳ ಕಡಿಮೆ. ಕಣ್ಣೀರಿಗೂ ದರ್ಜೆಯಿತ್ತು!

ಕಾಯುವುದಷ್ಟೇ ಹೆಂಗಸರ ಪಾಲಾಗಿದ್ದ ಕಾಲ ಬಹಳ ಉದ್ದವಾಯಿತು. ಅಲ್ಲಿ ಹೆಂಗಸರಿಗೆ ಸೌಕರ್ಯವಿಲ್ಲ ಎಂಬ ನೆಪ ಹೇಳಿ ಅಮೆರಿಕದ ನೌಕಾಪಡೆ 1969ರವರೆಗೂ ತನ್ನ ಕೇಂದ್ರಗಳಿಗೆ ಅವರನ್ನು ಬಿಡಲಿಲ್ಲ. ಆ ವರ್ಷ ನವೆಂಬರಿನಲ್ಲಿ ಆರು ಮಂದಿ ಹೆಂಗಸರು ದಕ್ಷಿಣ ಧ್ರುವದಲ್ಲಿ ವಿಮಾನದಿಂದ ಇಳಿಯುವಾಗ, ತೋಳಿಗೆ ತೋಳು ಸೇರಿಸಿ ಒಟ್ಟಿಗೇ ಹೆಜ್ಜೆಯಿಟ್ಟರು. ಮೊದಲಿಗಳು ಯಾರೆಂಬ ಜಗಳವೇ ಬೇಡವೆಂದು. 1983ರಲ್ಲಿ ಹೊರಟ ಭಾರತದ ಮೂರನೆಯ ತಂಡದಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ, ಸಮುದ್ರ ವಿಜ್ಞಾನಿ ಅದಿತಿ ಪಂತ್ ಇದ್ದರು. ಇಸ್ರೋದ ಮಂಗಳಾ ಮಣಿ ಐವತ್ತಾರರ ವಯಸ್ಸಿನಲ್ಲಿ, 2016ರಿಂದ 2017ರವರೆಗೆ, ನಮ್ಮ 'ಭಾರತಿ' ಕೇಂದ್ರದಲ್ಲಿ 403 ದಿನ ಇದ್ದು ಬಂದರು. ಇಪ್ಪತ್ಮೂರು ಜನರ ತಂಡದಲ್ಲಿ ಅವರೊಬ್ಬರೇ ಹೆಂಗಸು. ಇವರೆಲ್ಲ ಹೊರಟಾಗ ಕಾಯುವ ಸರದಿ ಮನೆಯ ಉಳಿದವರದಾಯಿತು. ಬೆಲೆಯೇನೂ ಇಳಿಯಲಿಲ್ಲ. ಆದರೆ ತೆರಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕಿನಲ್ಲಿ ಪಾಲು ಸಿಕ್ಕಿತು. ನೀತಿಯ ಲೆಕ್ಕದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಸೂಸನ್ ಸಾಲೊಮನ್ ಇನ್ನೊಂದು ಕೆಲಸ ಮಾಡಿದರು. ಸ್ಕಾಟನ ತಂಡ ಮರಳುವ ದಾರಿಯಲ್ಲಿ, ಬೆರಳು ಮರಗಟ್ಟಿದಾಗಲೂ, ಥರ್ಮಾಮೀಟರು ನೋಡಿ ಚಳಿಯ ಲೆಕ್ಕ ಬರೆದಿಟ್ಟಿತ್ತು. ಆ ಹಳೆಯ ಅಂಕಿಗಳನ್ನು ಅವರು ಈಚಿನ ದಾಖಲೆಗಳೊಂದಿಗೆ ಹೋಲಿಸಿ 2001ರಲ್ಲಿ ಪುಸ್ತಕ ಬರೆದರು. 1912ರ ಮಾರ್ಚಿನ ಚಳಿ ಸಾಮಾನ್ಯ ವರ್ಷಗಳಿಗಿಂತ ಬಹಳ ಹೆಚ್ಚಾಗಿತ್ತು, ಅವರ ಸಾವಿಗೆ ಬರಿಯ ಅವಿವೇಕವೇ ಕಾರಣವಲ್ಲ ಎಂದು ತೋರಿಸಿದರು. ಸತ್ತವರ ಲೆಕ್ಕದ ಪುಸ್ತಕವನ್ನು ಸುಮಾರು ತೊಂಬತ್ತು ವರ್ಷಗಳ ನಂತರ ಒಬ್ಬ ಹೆಂಗಸು ತೆರೆದು, ಸಾಲು ಸಾಲಾಗಿ ಓದಿ, ತಲುಪಿತು ಎಂದರು. ಚೆರಿ-ಗ್ಯಾರಾರ್ಡ್ ಆ ಮ್ಯೂಸಿಯಮ್ಮಿನಲ್ಲಿ ಕೂತು ಕೇಳಿದ್ದೂ ಇಷ್ಟನ್ನೇ ಅಲ್ಲವೇ? ಅವನಿಗೆ ಬೇಕಾಗಿದ್ದದ್ದು ಬಹುಮಾನವಲ್ಲ.

ಜ್ಞಾನಕ್ಕಾಗಿ ಪಟ್ಟ ಪಾಡೆಲ್ಲ ಫಲಿಸಬೇಕೆಂದು ಹಟ ಹಿಡಿಯುವ ಹಕ್ಕು ನಮಗಿಲ್ಲ. ಆದರೆ ಬೆಲೆ ತೆತ್ತವರಿಗೆಲ್ಲ ಒಂದು ರಸೀದಿ ಬರೆದುಕೊಡುವ ಹೊಣೆ ನಮ್ಮ ಮೇಲಿದೆ. ಅದರಲ್ಲಿ ಕಲ್ಲು ಹೊತ್ತವರ ಹೆಸರಿನ ಕೆಳಗೆ, ವೇಲ್ಸಿನ ಆ ನಾವಿಕನ ಹೆಂಡತಿಯ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ ಇರಬೇಕು.