ಮೆದುಳಿನ ಮೇಲೊಂದು ರೇಖೆ
ಸಿ.ಟಿ. ಚಿತ್ರದ ರೇಖೆಗಳನ್ನು ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕದೊಳಗೇ ತೋರಿಸುವ ವಿಧಾನವನ್ನು ಅಮೆರಿಕದ ಡಾರ್ಟ್‌ಮತ್‌ನ ಡೇವಿಡ್ ರಾಬರ್ಟ್ಸ್ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ಪ್ರಕಟಿಸಿದಂದಿನಿಂದ, ಶಸ್ತ್ರವೈದ್ಯನ ದೃಷ್ಟಿಯಲ್ಲಿ ಪ್ರತ್ಯಕ್ಷವೂ ಸ್ಮೃತಿಯೂ ಒಂದೇ ಬಿಂಬವಾಗಿ ಬೆರೆತಿವೆ. ಹಿಂದೆ ಕಂಡದ್ದು ಸ್ಮೃತಿರೂಪದಿಂದ ಬೇರೊಂದರಲ್ಲಿ ತೋರುವುದೇ ಅಧ್ಯಾಸವೆಂದು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ ಲಕ್ಷಣ ಹೇಳಿದ್ದಾರಷ್ಟೆ. ನಿನ್ನೆಯ ಚಿತ್ರದ ಗಡ್ಡೆಯಂಚು ಇಂದು ತೆರೆದ ಮೆದುಳಿನ ಮೇಲೆ ಹೊಳೆಯುವಾಗ ಆ ಲಕ್ಷಣವು ಆಶ್ಚರ್ಯಕರವಾಗಿ ಅನ್ವಯಿಸುತ್ತದೆ. ಆದರೆ ಇಲ್ಲಿನ ಆರೋಪವು ಅಜ್ಞಾನಜನ್ಯವಲ್ಲ, ಬುದ್ಧಿಪೂರ್ವಕವಾದುದು. ಸಾಲಗ್ರಾಮದಲ್ಲಿ ವಿಷ್ಣುವನ್ನು ಭಾವಿಸುವ ಉಪಾಸಕನು ಅದನ್ನು ಶಿಲೆಯೆಂದು ಅರಿತೇ ಇರುವನಲ್ಲವೆ? ಶಿಲೆಯಾದರೋ ಕದಲದು, ಕಪಾಲವನ್ನು ತೆರೆದು ದ್ರವವು ಸೋರಿದೊಡನೆ ಮೆದುಳು ಕುಸಿದು ಸ್ಥಾನಾಂತರಗೊಳ್ಳುತ್ತದೆ, ರೇಖೆಯು ಮಾತ್ರ ಮೊದಲಿದ್ದಲ್ಲಿಯೇ ನಿಲ್ಲುತ್ತದೆ. ಆದುದರಿಂದ ಈ ವೈದ್ಯನಿಗೆ ಉಪಾಸಕನಿಗಿಂತಲೂ ಕಠಿನವಾದ ವಿವೇಕವು ಬೇಕೆಂದೇ ನಾನು ಭಾವಿಸುತ್ತೇನೆ: ಅವನು ತಾನು ನೆಚ್ಚಿದ ರೇಖೆಯನ್ನು ಕ್ಷಣಕ್ಷಣವೂ ಸಂದೇಹಿಸುತ್ತಲೇ ಶಸ್ತ್ರವನ್ನು ನಡೆಸಬೇಕು.