ಹೆಚ್ಚಿನ ಗಣಿತ ಯಾರ ಸೊತ್ತು?

ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಿದ್ದಾಗ ಸ್ನೇಹಿತರೊಬ್ಬರು ಕೇಳಿದರು: "ರಾಯರೇ, ನಮ್ಮ ಹುಡುಗಿ ಹತ್ತನೆಯ ತರಗತಿ. ಬೇಸಿಕ್ ಗಣಿತ ಬರೆಸಲೋ, ಸ್ಟ್ಯಾಂಡರ್ಡ್ ಬರೆಸಲೋ?" ಅವರಿಗೆ ಬೇಕಾದದ್ದು ಒಂದು ಮಾತಿನ ಉತ್ತರ. ನನಗೋ ಆ ಪ್ರಶ್ನೆ ಮನೆಯವರೆಗೂ ಬೆನ್ನುಹತ್ತಿ ಬಂದಿತು.

ಸಿ.ಬಿ.ಎಸ್.ಇ. ಮಂಡಳಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತಕ್ಕೆ ಎರಡು ಬಗೆಯ ಪ್ರಶ್ನೆಪತ್ರಿಕೆಗಳನ್ನು ತಂದಿತು. ಪಠ್ಯಪುಸ್ತಕ ಒಂದೇ, ಪಾಠವೂ ಒಂದೇ. ಪರೀಕ್ಷೆ ಮಾತ್ರ ಎರಡು. ಮಕ್ಕಳ ಭಯ ತಗ್ಗಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಬೇಸಿಕ್ ಬರೆದವರಿಗೆ ಹನ್ನೊಂದರಲ್ಲಿ ಗಣಿತದ ಬಾಗಿಲು ಮುಚ್ಚುವುದೆಂದು ಆಗ ನಿಯಮವಿತ್ತು. ಬಳಿಕ ಕೆಲವು ವರ್ಷ ಅದನ್ನು ಸಡಿಲಿಸಿದರು. ಹದಿನೈದರ ವಯಸ್ಸಿನ ಮಗು ತನ್ನ ದಾರಿಯನ್ನು ತಾನೇ ಕಡಿದುಕೊಳ್ಳಬಹುದೇ? ಇದರ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯಿದೆ. ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯಲ್ಲಿ ಕೆಲವರಿಗಷ್ಟೇ ನಿಲುಕುವ ಹೆಚ್ಚಿನ ಗಣಿತ ಇರಬೇಕೇ?

ಬೇಡವೆನ್ನುವವರ ವಾದ ಹುರುಳಿಲ್ಲದ್ದಲ್ಲ. "ಇವನು ಜಾಣ, ಇವನು ದಡ್ಡ" ಎಂದು ಗೆರೆ ಎಳೆದರೆ ಮಗು ಅದನ್ನು ನಂಬಿಬಿಡುತ್ತದೆ. ಗೆರೆಯ ಈಚೆ ನಿಲ್ಲುವವರು ಬಹುಮಟ್ಟಿಗೆ ಓದು ಬಲ್ಲ ತಾಯಿತಂದೆಯರ ಮಕ್ಕಳೇ. ಇಂಥದೇ ವಿಚಾರದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಾರ್ವಜನಿಕ ಶಾಲೆಗಳು 2014ರಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನು ಕೈಬಿಟ್ಟು, ಎಲ್ಲರೂ ಒಂಬತ್ತರಲ್ಲೇ ಕಲಿಯಲಿ ಎಂದವು. ಅನುಕೂಲವಿದ್ದವರು ಹಣ ತೆತ್ತು ಹೊರಗೆ ಕಲಿಸಿದರು. ಹತ್ತು ವರ್ಷಗಳ ತರುವಾಯ, 2024ರಲ್ಲಿ, ಅದನ್ನು ಮರಳಿ ತರಬೇಕೆಂದು ಶಾಲಾ ಮಂಡಳಿ ನಿರ್ಧರಿಸಿತು. ಮತದಾರರೂ ಹಾಗೆಯೇ ಹೇಳಿದರು.

ಪುಣೆಯಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಲಿಗೊಂದು ಕೋಚಿಂಗ್ ಕ್ಲಾಸಿನ ಫಲಕ ತೂಗುತ್ತಿದೆ. ಶಾಲೆ ಕೈಬಿಟ್ಟರೆ ಅಧಿಕಾರಿಯ ಮಗ ಅಲ್ಲಿಗೆ ಹೋಗುತ್ತಾನೆ. ನಮ್ಮ ಸೊಸೈಟಿಯ ವಾಚ್‌ಮನ್ ಯಾದಗಿರಿ ಕಡೆಯವರು. ಅವರ ಮಗಳು ಮಹಾನಗರಪಾಲಿಕೆಯ ಶಾಲೆಯಲ್ಲಿ ಏಳನೆಯ ತರಗತಿ. ಅವಳೆಲ್ಲಿಗೆ ಹೋಗಬೇಕು?

ಒಂದು ಸಂಜೆ ಅವಳಿಗೆ ಕಾಪ್ರೇಕರರ ಲೆಕ್ಕ ತೋರಿಸಿದೆ. ನಾಲ್ಕಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. 3524 ಎನ್ನೋಣ. ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಜೋಡಿಸಿ ಕಳೆಯಿರಿ: 5432ರಲ್ಲಿ 2345 ಹೋದರೆ 3087. ಮತ್ತೆ ಹಾಗೆಯೇ, 8730ರಲ್ಲಿ 0378 ಹೋದರೆ 8352. ಇನ್ನೊಮ್ಮೆ, 8532ರಲ್ಲಿ 2358 ಹೋದರೆ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಸಲದೊಳಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ಕಂಡುಹಿಡಿದವರು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ. ರಾ. ಕಾಪ್ರೇಕರ್. ಹುಡುಗಿ ನಾಲ್ಕೈದು ಸಂಖ್ಯೆಗಳನ್ನು ತಾನೇ ಮಾಡಿ ನೋಡಿ, "ಯಾಕ ಹಿಂಗ ಬರ್ತದ್ರಿ ಕಾಕಾ?" ಎಂದಳು. ನನಗೆ ತಕ್ಕ ಉತ್ತರ ಹೇಳಲಾಗಲಿಲ್ಲ.

ಆ 'ಯಾಕ' ಎಂಬುದೇ ಹೆಚ್ಚಿನ ಗಣಿತದ ಮೊದಲ ಪಾಠ. ಅದು ಶ್ರೀಮಂತರ ಮನೆಯಲ್ಲಷ್ಟೇ ಹುಟ್ಟುವುದಿಲ್ಲ. ಆದರೆ ಉತ್ತರ ಮಾತ್ರ ಅಂಗಡಿಯಲ್ಲಿ ಮಾರಾಟಕ್ಕಿದೆ. ಏಣಿ ತೆಗೆದರೆ ಎಲ್ಲರೂ ಸಮಾನರಾಗುವುದಿಲ್ಲ. ಮಾಳಿಗೆಯ ಮೇಲಿದ್ದವರು ಅಲ್ಲೇ ಇರುತ್ತಾರೆ, ಅಷ್ಟೇ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿ ಬರೆದು ಸಂಸ್ಕೃತ ಬಾರದವರಿಗೂ ಅದರ ಬಾಗಿಲು ತೆರೆದ. ಕಠಿಣವೆಂದು ಬಚ್ಚಿಡಲಿಲ್ಲ.

ಹಾಗೆಂದು ಭಿನ್ನರಾಶಿಯಲ್ಲೇ ಎಡವುವ ಮಗುವನ್ನು ಮರೆಯಬಾರದು. ಗಣಿತಕ್ಕೆ ಒಬ್ಬರೇ ಮಾಸ್ತರರಿರುವ ಶಾಲೆಯಲ್ಲಿ ಅವರ ಹೊತ್ತಿನ ಮೇಲೆ ಮೊದಲ ಹಕ್ಕು ಆ ಮಗುವಿನದು. ಹೆಚ್ಚಿನ ಗಣಿತ ವಾರಕ್ಕೆ ಒಂದು ಗಂಟೆಯೇ ಆಗಲಿ, ಆದರೆ ಅದರ ಬಾಗಿಲು ಬಯಸಿ ಬಂದ ಯಾರಿಗೂ ತೆರೆದಿರಲಿ. ಈ ವರ್ಷ ಬಾರದವರು ಮುಂದಿನ ವರ್ಷ ಬರುವಂತಿರಲಿ. ತರಗತಿ ಇರುವುದು ಅನ್ಯಾಯವಲ್ಲ, ಅದಕ್ಕೆ ಬೀಗ ಹಾಕುವುದು ಅನ್ಯಾಯ.

ಸ್ನೇಹಿತರಿಗೆ ಕಡೆಗೆ ಹೇಳಿದ್ದು ಇಷ್ಟೇ: "ಮೊದಲು ಹುಡುಗಿಯನ್ನೇ ಕೇಳಿ. ಹೆದರಿ ಬೇಸಿಕ್ ಎಂದರೆ, ಹೆದರಿಕೆ ಲೆಕ್ಕದ್ದೋ ನಮ್ಮದೋ ನೋಡಿ." ನಮ್ಮಲ್ಲಿ ನಿವೃತ್ತ ಇಂಜಿನಿಯರರು, ಬ್ಯಾಂಕಿನವರು, ಅಧ್ಯಾಪಕರು ಅನೇಕರಿದ್ದೀರಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಬಲ್ಲಿರಾ? ಆ ಹುಡುಗಿಯ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ.